ಎಡೆಬಿಡದ ಮನೆ

ನಿಮ್ಮ ಸಭೆಯಲ್ಲಿ ಹಗಲಿರುಳೂ ಪ್ರಾರ್ಥನೆ ನಡೆಯುತ್ತಿದೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ನೀವು, ಈ ಹೊತ್ತಿನಲ್ಲಿ ಅಲ್ಲಿ ಮೊಣಕಾಲೂರಿ ಕುಳಿತಿರುವವರು ಯಾರು, ಅವರು ಕೊನೆಯ ಸಲ ಉಂಡದ್ದು ಯಾವಾಗ ಎಂದು ಹೇಳಬಲ್ಲಿರಾ?

ಇದು ಚರ್ಚಾಕೂಟದ ಚಮತ್ಕಾರದ ಪ್ರಶ್ನೆಯಲ್ಲ. ಹಾನಗಲ್ಲಿನ ನಮ್ಮ ಮನೆಯಲ್ಲಿ ಇದಕ್ಕೆ ಉತ್ತರ ಬಲ್ಲವರಿದ್ದರು. ಅವರು ಉತ್ತರವನ್ನು ಗಟ್ಟಿಯಾಗಿ ಹೇಳಿದರು. ಕೇಳಿಸಿಕೊಂಡವರು ಅದಕ್ಕೆ ‘ಆಮೆನ್’ ಎಂದರು. ನನ್ನ ಬಾಲ್ಯದ ವಿಷಯವಾಗಿ ಬರೆಯಬೇಕಾದದ್ದು ಬಹಳವಿದೆ. ಆದರೆ ನಾನು ಇಂದು ಯಾರಾಗಿದ್ದೇನೋ ಅವಳು ರೂಪುಗೊಂಡದ್ದು ಆ ಒಂದು ‘ಆಮೆನ್’ ಕೇಳಿದ ಮಧ್ಯಾಹ್ನ. ಆದ್ದರಿಂದ ಅದನ್ನೇ ಬರೆಯುತ್ತೇನೆ.

ಭತ್ತದ ಗಿರಣಿಯ ಹಿಂದಿನ ಓಣಿಯಲ್ಲಿ ನಮ್ಮದು ಉದ್ದನೆಯ ಮನೆ. ಮುಂದೆ ಪಡಸಾಲೆ, ಹಿಂದೆ ಅಡುಗೆಮನೆ, ನಡುವೆ ಕಿಟಕಿಯಿಲ್ಲದ ಸಣ್ಣ ಕೋಣೆ. ಆ ನಡುಕೋಣೆಯಲ್ಲಿ ಮೊದಲು ಭತ್ತದ ಚೀಲಗಳಿದ್ದವು. ಅಪ್ಪ ಸರಕಾರಿ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಭಾನುವಾರ ನಮ್ಮ ಪುಟ್ಟ ಕ್ರೈಸ್ತ ಸಭೆಯಲ್ಲಿ ಪ್ರಸಂಗ ಮಾಡುವವನೂ ಅವನೇ. ಒಂದು ಬೇಸಿಗೆ ಅವನು ಧಾರವಾಡದ ಶಿಬಿರಕ್ಕೆ ಹೋಗಿ, ಕ್ರೈಸ್ತರ ನಿರಂತರ ಪ್ರಾರ್ಥನೆಯ ಚರಿತ್ರೆಯನ್ನು ಕೇಳಿಕೊಂಡು, ಬೇರೆ ಮನುಷ್ಯನಾಗಿ ಮರಳಿದ. ಬಂದವನೇ ಚೀಲಗಳನ್ನು ಹೊರಹಾಕಿಸಿ, ಕೋಣೆಗೆ ಸುಣ್ಣ ಹೊಡೆಸಿ, ಒಂದು ಚಾಪೆ ಹಾಸಿ, ಗೋಡೆಗೆ ಮರದ ಶಿಲುಬೆ ಬಡಿದ. ಬಾಗಿಲನ್ನು ಚೌಕಟ್ಟಿನಿಂದ ಕಳಚಿ, ಕೆಳಗೆ ಕಲ್ಲು ಇಟ್ಟು, ಪಡಸಾಲೆಯಲ್ಲಿ ಬೆಂಚು ಮಾಡಿದ. ಪ್ರಾರ್ಥನೆಗೆ ಮುಚ್ಚುವ ಬಾಗಿಲು ಇರಕೂಡದು ಎಂಬುದು ಅವನ ವಾದ. ಅಂದಿನಿಂದ ನಮ್ಮ ಮನೆಗೆ ಬಂದ ಹಿರಿಯರೆಲ್ಲ ಆ ಬಾಗಿಲಿನ ಮೇಲೆ ಕುಳಿತು ಚಹಾ ಕುಡಿದಿದ್ದಾರೆ.

ಊಟದ ಹೊತ್ತು ಅಪ್ಪನ ಪಾಠದ ಹೊತ್ತು. ಯೂಫ್ರೆಟಿಸ್ ನದಿಯ ದಂಡೆಯಲ್ಲಿ ಗುಂಪುಗೂಡಿ, ಆಮೇಲೆ ಕಾನ್‌ಸ್ಟಾಂಟಿನೋಪಲ್ ನಗರಕ್ಕೆ ಬಂದು ನೆಲೆಸಿದ ಸನ್ಯಾಸಿಗಳ ಕಥೆ ಮೊದಲು. ಜನ ಅವರನ್ನು ‘ನಿದ್ದೆಯಿಲ್ಲದವರು’ ಎಂದೇ ಕರೆಯುತ್ತಿದ್ದರು. ಅವರ ಮಠದಲ್ಲಿ ಸ್ತೋತ್ರದ ದನಿ ಹಗಲೂ ನಿಲ್ಲುತ್ತಿರಲಿಲ್ಲ, ರಾತ್ರಿಯೂ ನಿಲ್ಲುತ್ತಿರಲಿಲ್ಲ. ಆಮೇಲೆ ಆಲ್ಪ್ಸ್ ಬೆಟ್ಟಗಳ ಕಣಿವೆಯೊಂದರಲ್ಲಿ ಮಠ ಕಟ್ಟಿಸಿ, ಅಲ್ಲಿ ಕೊನೆಯಿಲ್ಲದ ಕೀರ್ತನೆಯನ್ನು ಏರ್ಪಡಿಸಿದ ರಾಜನ ಕಥೆ. ಕೊನೆಗೆ ಜರ್ಮನಿಯ ಒಂದು ಹಳ್ಳಿ: ನೆಲೆ ಕಳೆದುಕೊಂಡು ಬಂದ ಬಡ ಕ್ರೈಸ್ತರು ಅಲ್ಲಿ ಆರಂಭಿಸಿದ ಪ್ರಾರ್ಥನೆ ನೂರು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಈ ಮೂರನ್ನೂ ನಾವು ಕ್ರಮ ತಪ್ಪದೆ ಹೇಳಬೇಕಿತ್ತು. ತಪ್ಪಿದರೆ ಅಪ್ಪ ತಾಟನ್ನು ನಮ್ಮ ಮುಂದಿನಿಂದ ಮೆಲ್ಲಗೆ ಎಳೆದು ತನ್ನ ಬದಿಗಿಟ್ಟುಕೊಳ್ಳುತ್ತಿದ್ದ. ಹೊಡೆದದ್ದು ನನಗೆ ನೆನಪಿಲ್ಲ. ತಾಟು ನೆಲದ ಮೇಲೆ ಸರಿಯುವ ಸದ್ದು ನೆನಪಿದೆ.

ಪ್ರಾರ್ಥನೆಯ ಸರದಿಗೆ ನಮ್ಮಲ್ಲಿ ‘ಪಾಳಿ’ ಎನ್ನುತ್ತಿದ್ದರು, ಗಿರಣಿಯ ಕೆಲಸಗಾರರ ಹಾಗೆ. ಪಾಳಿ ಬದಲಾಗುವಾಗ ದನಿ ತುಂಡಾಗಬಾರದು. ಹೊಸಬರು ಹಳಬರ ಪಕ್ಕದಲ್ಲಿ ಮೊಣಕಾಲೂರಿ, ಅವರ ಮಾತಿನೊಳಗೆ ತಮ್ಮ ಮಾತನ್ನು ಸೇರಿಸಿ, ಜಡೆ ಹೆಣೆದಂತೆ ಸ್ವಲ್ಪ ದೂರ ಜೊತೆಯಾಗಿ ಸಾಗಿದ ಮೇಲೆ ಹಳಬರು ಏಳಬೇಕು. ಬದಲಿ ಬಾರದೆ ಏಳುವಂತಿಲ್ಲ. ಬಿಡದೆ ಪ್ರಾರ್ಥಿಸಬೇಕೆಂಬ ಅಪೊಸ್ತಲನ ಆಜ್ಞೆಯನ್ನು ಅಪ್ಪ ‘ಎಡೆಬಿಡದೆ’ ಎಂಬ ಒಂದೇ ಪದಕ್ಕೆ ಇಳಿಸಿ, ಆ ಪದವನ್ನು ಸುಣ್ಣದ ಗೋಡೆಯ ಮೇಲೆ ನೀಲಿಯಲ್ಲಿ ಬರೆದಿದ್ದ. ಪಾಳಿಗೆ ನಾವು ಐದು ಜನ: ಅಪ್ಪ, ಅವ್ವ, ಅಪ್ಪನ ತಾಯಿಯಾದ ಆಯಿ, ಅಪ್ಪನ ತಂಗಿ ಮಾರ್ಥಾ ಅತ್ತಿ, ನಾನು. ಕಾಗದದ ಮೇಲೆ ಐದು. ಅಪ್ಪನಿಗೆ ಶಾಲೆಯಿತ್ತು, ಅವ್ವನಿಗೆ ಒಲೆಯಿತ್ತು, ನನಗೆ ಪುಸ್ತಕಗಳಿದ್ದವು, ಆಯಿಗೆ ಮೊಣಕಾಲು ಮಡಚುತ್ತಿರಲಿಲ್ಲ. ಮಾರ್ಥಾ ಅತ್ತಿಗೆ ಏನೂ ಇರಲಿಲ್ಲ. ಗಂಡ ತೀರಿದ ಮೇಲೆ ಹಿರೇಕೆರೂರಿನಿಂದ ಒಂದು ಟ್ರಂಕು ಹಿಡಿದು ಬಂದು ಅಣ್ಣನ ಮನೆಯಲ್ಲಿ ಉಣ್ಣುತ್ತಿದ್ದವಳು ಅವಳು. ಏನೂ ಇಲ್ಲದವಳಿಗೆ ಉಳಿದ ಪಾಳಿಗಳೆಲ್ಲ ಸೇರಿದವು. ರಾತ್ರಿಗಳು ಪೂರ್ತಿ ಅವಳವೇ.

ಅವ್ವ ಮೆದು ಮಾತಿನವಳಲ್ಲ. ರೊಟ್ಟಿ ಬಡಿಯುತ್ತಲೇ ಗೋಡೆಯಾಚೆಗೆ ಕೇಳುವಂತೆ ಅನ್ನುತ್ತಿದ್ದಳು:

“ನಮ್ಮ ನಾದಿನಿದು ಕುಂತಲ್ಲೇ ಸ್ವರ್ಗ ನೋಡ್ರಿ. ರಾತ್ರಿ ಹಾಸಿಗಿ ಖರ್ಚೂ ಇಲ್ಲ.”

ಅತ್ತಿ ಉತ್ತರ ಕೊಡದೆ ಬಿಡುತ್ತಿರಲಿಲ್ಲ. ಆದರೆ ದನಿ ನಿಲ್ಲಿಸುವಂತಿಲ್ಲವಲ್ಲ; ಆದ್ದರಿಂದ ದೇವರ ಮೂಲಕ ಕೊಡುತ್ತಿದ್ದಳು:

“ಕರ್ತನೇ, ನಮ್ಮ ವೈನೀಗೆ ನಾಲಿಗಿ ಉದ್ದ ಕೊಟ್ಟೀದಿ, ರೊಟ್ಟಿ ಮಾತ್ರ ಸಣ್ಣವು ಕೊಟ್ಟೀದಿ. ನಿನ್ನ ಚಿತ್ತ, ತಂದೆ.”

ಹೀಗೆ ನಮ್ಮ ಮನೆಯ ಅರ್ಧ ಸಂಸಾರ ಪ್ರಾರ್ಥನೆಯಲ್ಲೇ ನಡೆಯುತ್ತಿತ್ತು. ಒಲೆಯ ಮೇಲೆ ಹಾಲು ಉಕ್ಕಿದರೆ ಅತ್ತಿಯ ಪ್ರಾರ್ಥನೆಯಲ್ಲಿ ತಿಳಿಯುತ್ತಿತ್ತು. ಶಾಲೆಯಿಂದ ಬಂದ ನಾನು ಅವಳ ಪಕ್ಕದಲ್ಲಿ ಮೊಣಕಾಲೂರಿದರೆ, “ತಂದೆಯೇ, ಈ ಹುಡುಗಿ ಕೈಕಾಲು ತೊಳಕೊಂಡಿಲ್ಲ, ಮಣ್ಣಿನ ವಾಸನಿ ನಿನ್ನ ಸಿಂಹಾಸನದ ಮಟಾ ಬಂದಿರಬೇಕು, ಕ್ಷಮಿಸಪ್ಪಾ” ಎಂದು ನನ್ನನ್ನು ನಗಿಸುತ್ತಿದ್ದಳು. ನಕ್ಕರೆ ದನಿ ತುಂಡಾಗುತ್ತಿತ್ತು; ನಗದೆ ಮುಂದುವರಿಯುವುದು ನನ್ನ ಮೊದಲ ಶಿಸ್ತು. ಅಪ್ಪನಿಗೂ ಈ ವಿದ್ಯೆ ಕರಗತವಾಗಿತ್ತು. ಅವನ ಪಾಳಿಯಲ್ಲಿ, “ದೇವರೇ, ಈ ಮನೆಯಲ್ಲಿ ಕದ್ದು ಬೆಲ್ಲ ತಿಂದವರನ್ನು ನೀನು ಬಲ್ಲೆ, ಅವರ ಪರೀಕ್ಷೆಯ ಅಂಕಗಳನ್ನೂ ಬಲ್ಲೆ” ಎಂದು ಗ್ರಂಥದ ಕನ್ನಡದಲ್ಲಿ ನನ್ನನ್ನು ಓಣಿಗೆಲ್ಲ ಹರಾಜು ಹಾಕುತ್ತಿದ್ದ. ದೇವರ ಕಿವಿಯನ್ನು ನಾವು ಒಬ್ಬರಿಗೊಬ್ಬರು ಕಲ್ಲು ಎಸೆಯುವ ಕಿಟಕಿ ಮಾಡಿಕೊಂಡಿದ್ದೆವು.

ಪಕ್ಕದ ಮನೆಯ ವಕೀಲರು ವೈಷ್ಣವರು, ಓದಿಕೊಂಡವರು. ಬೆಳಿಗ್ಗೆ ಕಂಪೌಂಡಿನ ಮೇಲಿಂದ ಅಪ್ಪನನ್ನು ಕೆಣಕುವುದು ಅವರ ಕೋರ್ಟಿನ ಮುಂಚಿನ ವ್ಯಾಯಾಮ.

“ಮಾಸ್ತರ್ರ, ನಮ್ಮ ಸಪ್ತಾಹ ಏಳು ದಿನಕ್ಕ ಮುಗೀತದ. ಮುಗದ ಮ್ಯಾಲ ಮಂದೀಗೆಲ್ಲಾ ಊಟಾ ಅದ. ನಿಮ್ಮದಕ್ಕ ಮುಕ್ತಾಯನೂ ಕಾಣಸ್ವಲ್ದು, ಊಟಾನೂ ಕಾಣಸ್ವಲ್ದು.”

“ನಮ್ಮದು ಮುಗಿಯೂದಲ್ರಿ ವಕೀಲರ. ಮುಗಿಯೂದು ಅಂದ್ರ ಮನುಷ್ಯಾರದಾತು.”

“ಮನುಷ್ಯಾರs ಮಾಡಾಕತ್ತಾರಲ್ಲಪಾ ಮತ್ತ, ಅದಕ್ಕ ಕೇಳಿದೆ” ಎಂದು ಅವರು ಒಳಗೆ ಹೋಗುತ್ತಿದ್ದರು. ಗಿರಣಿಯೂ ಮಧ್ಯಾಹ್ನ ಭೋಂಗಾ ಊದಿ ಊಟಕ್ಕೆ ನಿಲ್ಲುತ್ತಿತ್ತು. ಓಣಿಯಲ್ಲಿ ನಿಲ್ಲದೆ ಇದ್ದದ್ದು ನಮ್ಮ ನಡುಕೋಣೆಯೊಂದೇ.

ಅತ್ತಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ತಾನೇ ಹೊಟ್ಟೆಗೆ ಇನ್ಸುಲಿನ್ ಸೂಜಿ ಚುಚ್ಚಿಕೊಳ್ಳುತ್ತಿದ್ದಳು. ಸೂಜಿಯಾದ ಮೇಲೆ ಉಣ್ಣಲೇಬೇಕು, ಇಲ್ಲವಾದರೆ ಸಕ್ಕರೆ ತೀರ ಇಳಿದುಬಿಡುತ್ತದೆ ಎಂದು ಸರಕಾರಿ ದವಾಖಾನೆಯ ಡಾಕ್ಟರು ಹೇಳಿದ್ದರು. ಮನೆಯಲ್ಲಿ ಅದನ್ನು ನಿಯಮದಂತೆ ಪಾಲಿಸಿದವಳು ಆಯಿ ಒಬ್ಬಳೇ. ತಿಳವಳ್ಳಿ ಕಡೆಯ ಮುದುಕಿ, ಅಕ್ಷರ ಬಾರದವಳು. ಹರೆಯದಲ್ಲಿ ಸ್ನಾನಸಂಸ್ಕಾರ ಪಡೆದು ಕ್ರೈಸ್ತಳಾಗುವ ಮೊದಲು, ತೀರಿಹೋದ ಹಿರಿಯರ ಮುಂದೆ ಎಡಿ ಇಡುತ್ತಿದ್ದ ಮನೆತನದವಳು. ನಮ್ಮ ಕಡೆ ‘ಎಡಿ’ ಎಂದರೆ ದೇವರಿಗೋ ಹಿರಿಯರಿಗೋ ಬಡಿಸಿ ಇಟ್ಟ ತಾಟು. ದಿನಾ ಮುಂಜಾನೆ ಅವಳು ಒಂದು ಹಿತ್ತಾಳೆ ತಾಟಿನಲ್ಲಿ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಒಂದು ಲೋಟ ಮಜ್ಜಿಗೆ ತಂದು ನಡುಕೋಣೆಯ ಹೊಸ್ತಿಲಲ್ಲಿ ಇಡುತ್ತಿದ್ದಳು. ಅತ್ತಿ ಎರಡು ಮಾತಿನ ನಡುವೆ ಒಂದು ತುತ್ತು ಹಾಕಿಕೊಂಡು, ಬಾಯಿ ತುಂಬಿಕೊಂಡೇ ಸ್ತೋತ್ರ ಮುಂದುವರಿಸುತ್ತಿದ್ದಳು. ಮಧ್ಯಾಹ್ನ ಮತ್ತೊಮ್ಮೆ, ಸಂಜೆ ಮತ್ತೊಮ್ಮೆ. ಅಪ್ಪ ಶಾಲೆ, ಸಭೆ ಎಂದು ಹೊರಗೇ ಇರುತ್ತಿದ್ದ; ಕಂಡರೂ ತಂಗಿಯ ಊಟದ ತಾಟು ಎಂದಷ್ಟೇ ದಾಟಿಹೋಗುತ್ತಿದ್ದ.

ಒಂದು ರಜೆಯ ದಿನ ಶಿಗ್ಗಾಂವಿ ಸಭೆಯ ಹಿರಿಯರೊಬ್ಬರು ನಮ್ಮ ಪ್ರಾರ್ಥನೆಯ ಕೀರ್ತಿ ಕೇಳಿ ಇಬ್ಬರು ಗೆಳೆಯರೊಂದಿಗೆ ಬಂದರು. ಬಾಗಿಲ ಬೆಂಚಿನ ಮೇಲೆ ಕುಳಿತ ಹಿರಿಯರ ದೃಷ್ಟಿ ಹೊಸ್ತಿಲ ತಾಟಿನ ಮೇಲೆ ಬಿತ್ತು.

“ಇದೇನ್ರಿ ಮಾಸ್ತರ, ನೈವೇದ್ಯ ಏನು? ಕರ್ತನಿಗೆ ಪುಂಡಿಪಲ್ಯ ಸೇರತೈತೇನು?”

ಮೂವರೂ ನಕ್ಕರು. ಅಪ್ಪನ ಮುಖ ಸುಣ್ಣದ ಗೋಡೆಯಂತಾಯಿತು. ಅವನು ಆಯಿಯನ್ನು ಕರೆದ.

“ಅವ್ವಾ, ಇದನ್ನ ಯಾಕ ಇಟ್ಟಿ, ಹಿರಿಯರಿಗೆ ಹೇಳು.”

ಆಯಿಗೆ ತನ್ನನ್ನು ಹೊಗಳುತ್ತಿದ್ದಾರೆ ಅನ್ನಿಸಿತು. ಸೆರಗು ಸರಿಮಾಡಿಕೊಂಡು ಹೇಳಿದಳು:

“ನೀನs ಓದಿ ಹೇಳೀಯಲ್ಲೋ ತಮ್ಮಾ, ಎಡಿ ಬಿಡದ ಪ್ರಾರ್ಥನಾ ಮಾಡ್ರಿ ಅಂತ. ಗ್ವಾಡಿ ಮ್ಯಾಲೂ ಬರದೀಯಂತ. ಪ್ರಾರ್ಥನಾ ನೀವು ಮಾಡ್ತೀರಿ. ಎಡಿ ನಾ ಇಡ್ತೇನಿ. ಒಂದ ದಿನಾನೂ ಬಿಟ್ಟಿಲ್ಲ ನೋಡು.”

ಆ ನಗೆ ಓಣಿಯವರೆಗೂ ಕೇಳಿರಬೇಕು. ಶಿಗ್ಗಾಂವಿಯ ಹಿರಿಯರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಕನ್ನಡ ಮಾಸ್ತರನ ತಾಯಿ ಕನ್ನಡದ ಪದವೊಂದನ್ನು ಹೀಗೆ ತಿಂದುಹಾಕಿದ್ದಳು. ಅದೂ ಬಿಟ್ಟುಬಂದ ಹಳೆಯ ಆಚಾರದ ಎಂಜಲು ಸೇರಿಸಿ. ಅಪ್ಪ ನಗಲಿಲ್ಲ. ಶಾಲೆಯಲ್ಲಿ ದಡ್ಡ ಹುಡುಗರನ್ನು ನಿಲ್ಲಿಸುವಂತೆ ತಾಯಿಯನ್ನು ಗೋಡೆಯ ಬರಹದ ಮುಂದೆ ನಿಲ್ಲಿಸಿದ.

“ಎಡೆ ಅಂದ್ರ ನಡುವಿನ ಜಾಗಾ. ಅನ್ನು.”

“ಎಡಿ ಅಂದ್ರ…”

“ಎಡಿ ಅಲ್ಲ. ಎಡೆ.”

“ಎಡೆ ಅಂದ್ರ ನಡುವಿನ ಜಾಗಾ.”

“ಇನ್ನೊಮ್ಮೆ.”

ಚಹಾ ಮುಗಿಯುವ ತನಕ ಅವಳು ಅದನ್ನೇ ಹೇಳಿದಳು. ಮಡಚದ ಆ ಮೊಣಕಾಲುಗಳು ನಡುಗುತ್ತಿದ್ದದ್ದು ಸೀರೆಯ ನಿರಿಗೆಯಲ್ಲಿ ಕಾಣುತ್ತಿತ್ತು. ಕುಳಿತುಕೊಳ್ಳಲು ಯಾರೂ ಹೇಳಲಿಲ್ಲ. ಒಳಗೆ ಅತ್ತಿಯ ದನಿ ಮಾತ್ರ ಸ್ವಲ್ಪ ಏರಿತು: “ಕರ್ತನೇ, ನಮ್ಮವ್ವನ ಕಾಲು ನಿನಗ ಕಾಣಸ್ತಾವಿಲ್ಲೋ?” ಶಿಗ್ಗಾಂವಿಯ ಹಿರಿಯರು ಭಕ್ತಿಯಿಂದ ತಲೆ ಬಾಗಿಸಿದರು. ಅಂದಿನಿಂದ ಹೊಸ್ತಿಲಲ್ಲಿ ತಾಟು ನಿಷೇಧವಾಯಿತು. ಅತ್ತಿ ಪಾಳಿ ಮುಗಿಸಿ ಅಡುಗೆಮನೆಗೆ ಬಂದೇ ಉಣ್ಣಬೇಕು ಎಂದು ಅಪ್ಪ ವಿಧಿಸಿದ. ಅವಳನ್ನು ಬಿಡಿಸಲು ಯಾರು ಹೋಗುವರು ಎಂಬುದನ್ನು ವಿಧಿಸಲಿಲ್ಲ. ಅವ್ವ ಒಲೆ ಬಿಟ್ಟು ಗೊಣಗುತ್ತ ಹೋಗಿ ಕುಳಿತರೆ ಅತ್ತಿಗೆ ಊಟ. ಇಲ್ಲವಾದರೆ ನಾನು ಶಾಲೆಯಿಂದ ಬರುವ ತನಕ ಇಲ್ಲ. ಆಯಿ ಮಾತ್ರ ಸೆರಗಿನಲ್ಲಿ ಬೆಲ್ಲದ ಚೂರು ಕಟ್ಟಿಕೊಂಡು ಹೋಗಿ, ಅಪ್ಪನ ಕಣ್ಣು ತಪ್ಪಿಸಿ ಮಗಳ ಬಾಯಿಗೆ ಹಾಕಿ ಬರುತ್ತಿದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಅಪ್ಪ ಸುತ್ತಲಿನ ನಾಲ್ಕೂ ತಾಲೂಕಿನ ಸಭೆಗಳ ಹಿರಿಯರನ್ನು ಮನೆಗೆ ಕರೆದ. ನಮ್ಮ ಪ್ರಾರ್ಥನೆ ವರ್ಷ ದಾಟಿತ್ತು, ಅದರ ಸ್ತೋತ್ರಕೂಟ. ಬಂದವರಿಗೆ ಊಟ, ಮನೆಯವರಿಗೆ ಉಪವಾಸ ಎಂದು ಹಿಂದಿನ ಸಂಜೆ ಅಪ್ಪ ಸಾರಿದ. ಪಡಸಾಲೆಯಲ್ಲಿ ಸಾರಿದ, ಅತ್ತಿ ನಡುಕೋಣೆಯಲ್ಲಿ ದೇವರೊಡನೆ ಗಟ್ಟಿಯಾಗಿ ಮಾತನಾಡುತ್ತಿದ್ದಳು. ಅವಳಿಗೆ ಅದು ಕೇಳಿಸಿರಲಿಲ್ಲ. ಮರುದಿನ ಮುಂಜಾನೆ ಅವಳು ಎಂದಿನಂತೆ ಸೂಜಿ ಚುಚ್ಚಿಕೊಂಡು ಚಾಪೆಯ ಮೇಲೆ ಕುಳಿತಳು.

ಮುಂಜಾನೆಯ ಬಸ್ಸುಗಳಲ್ಲಿ ಜನ ಬಂದರು. ತಡಸದಿಂದ ಇಬ್ಬರು, ಸವಣೂರಿನಿಂದ ವೀಳ್ಯದೆಲೆಯ ಕವಳಿಗೆ ಹಿಡಿದುಕೊಂಡು ಒಂದು ಕುಟುಂಬ, ಹಿರೇಕೆರೂರಿನಿಂದ ಹಾಡುವವರು, ಮುಂದಾಳುತನಕ್ಕೆ ಮತ್ತೆ ಶಿಗ್ಗಾಂವಿಯ ಹಿರಿಯರು. ಅಡುಗೆಮನೆಯಲ್ಲಿ ಅವ್ವ ಕುರಿಮಾಂಸ ಬೇಯಿಸುತ್ತ ಬೆವರಿನಲ್ಲಿ ಮುಳುಗಿದ್ದಳು. ನಾನು ತಾಟು ತೊಳೆಯುತ್ತಿದ್ದೆ. ಆಯಿಯನ್ನು ಹಿತ್ತಲಲ್ಲಿ ಬೆಳ್ಳುಳ್ಳಿ ಬಿಡಿಸಲು ಕೂರಿಸಿದ್ದರು. ಬಂದವರ ಮುಂದೆ ಮತ್ತೆ ಏನಾದರೂ ಆಡಿಬಿಟ್ಟಾಳೆಂದು. ಪಡಸಾಲೆಯಲ್ಲಿ ಅಪ್ಪ ನಿದ್ದೆಯಿಲ್ಲದ ಸನ್ಯಾಸಿಗಳಿಂದ ಆರಂಭಿಸಿ ಚರಿತ್ರೆಯನ್ನು ಹೇಳುತ್ತಿದ್ದ. ಅವನ ಮಾತಿನ ಹಿಂದೆ ತಂಬೂರಿಯ ಶ್ರುತಿಯಂತೆ ನಡುಕೋಣೆಯಿಂದ ಅತ್ತಿಯ ದನಿ. ಹೊತ್ತು ಏರಿದ ಹಾಗೆ ಆ ದನಿಯಲ್ಲಿ ಒಂದು ವಾಕ್ಯ ಮತ್ತೆ ಮತ್ತೆ ಬರತೊಡಗಿತು:

“ಕರ್ತನೇ, ಸೂಜಿ ತಗೊಂಡೇನಿ. ಬಿಡಸಾಕ ಯಾರೂ ಬಂದಿಲ್ಲ. ಎಡಿ ಬಂದಿಲ್ಲ. ಯಾರಿಗರೆ ಹೇಳಪ್ಪಾ, ಎಡಿ ಬಂದಿಲ್ಲ.”

“ಆಮೆನ್” ಎಂದರು ತಡಸದವರು.

“ಕೈ ನಡಗಾಕತ್ತಾವು ತಂದೇ. ಕಣ್ಣು ಕತ್ತಲಿ ಬರಾಕತ್ತೈತಿ.”

“ಆಮೆನ್, ಆಮೆನ್” ಎಂದಿತು ಪಡಸಾಲೆ. ಆತ್ಮಭಾರದಿಂದ ಪ್ರಾರ್ಥಿಸುವವರ ಕೈ ನಡುಗುವುದು ಅವರಿಗೆ ಹೊಸತಲ್ಲ.

ನಾನು ಒದ್ದೆ ಕೈಯಲ್ಲೇ ಎದ್ದು ಅವ್ವನಿಗೆ ಹೇಳಿದೆ. ಅವ್ವ, “ಒಂದ ದಿನ ಉಪಾಸ ಇದ್ರ ಸಾಯೂದಿಲ್ಲ. ನಾನೂ ಇದ್ದೇನಲ್ಲಾ?” ಎಂದಳು. ಪಡಸಾಲೆಯ ಅಂಚಿಗೆ ಹೋಗಿ ಅಪ್ಪನ ಅಂಗಿ ಎಳೆದೆ. ಅವನು ಚರಿತ್ರೆ ನಿಲ್ಲಿಸದೆ ನನ್ನ ಕೈಯನ್ನು ಬೆರಳು ಬೆರಳಾಗಿ ಬಿಡಿಸಿದ. ಆಗಲೇ ಅತ್ತಿಯ ಮಾತು ಕೆಟ್ಟಿತು. ಪದಗಳು ಒಂದರೊಳಗೊಂದು ಇಳಿದವು, ನಾಲಿಗೆ ದಪ್ಪಗಾದಂತೆ ಅಕ್ಷರಗಳು ಉರುಳಿದವು. ಮೈ ಬೆವರಿ ಕುಪ್ಪಸ ಬೆನ್ನಿಗಂಟಿತು. ಕಣ್ಣು ಮೇಲೆ ನೆಟ್ಟಿತು. ಶಿಗ್ಗಾಂವಿಯ ಹಿರಿಯರು ಎದ್ದು ನಿಂತು ಎರಡೂ ಕೈ ಎತ್ತಿದರು.

“ಅನ್ಯಭಾಷೆ! ಆತ್ಮ ಇಳದೈತಿ! ಮಾಸ್ತರ, ನಿಮ್ಮ ಮನೀ ಮ್ಯಾಲ ಆತ್ಮ ಇಳದೈತಿ!”

ಹಿರೇಕೆರೂರಿನವರು ಹಾಡು ಎತ್ತಿದರು. ಎಲ್ಲರೂ ನಡುಕೋಣೆಯ ಚೌಕಟ್ಟಿಗೆ ಮುತ್ತಿದರು. ಪವಿತ್ರಾತ್ಮ ಇಳಿದವರ ಬಾಯಿಂದ ಬರುವ ಅರಿಯದ ನುಡಿಯೇ ಅನ್ಯಭಾಷೆ; ಅದು ಬಂದರೆ ಅರ್ಥ ಹೇಳುವವರು ಬೇಕು. ಹಿರಿಯರು ಕಣ್ಣು ಮುಚ್ಚಿ ಅರ್ಥ ಹೇಳತೊಡಗಿದರು: ಈ ನಾಡಿನ ಮೇಲೆ ಬೆಂಕಿ ಬೀಳಲಿದೆ, ಹಾನಗಲ್ಲು ಎಚ್ಚರಗೊಳ್ಳಲಿದೆ, ಈ ಮನೆಯ ದೀಪ ಆರುವುದಿಲ್ಲ. ಅಪ್ಪ ಅಳುತ್ತಿದ್ದ. ಅವನ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಗದ್ದಲ ಕೇಳಿ ಹಿತ್ತಲಿನಿಂದ ಆಯಿ ಬಂದಳು. ಅಷ್ಟು ಜನರ ಮೊಣಕೈಗಳ ನಡುವೆ ನುಗ್ಗಿ, ಮಗಳ ಬಾಯಿಯ ಹತ್ತಿರ ಕಿವಿಯಿಟ್ಟು, ಕಿರುಚಿದಳು:

“ಎಡಿ ಕೇಳಾಕತ್ತಾಳಲ್ಲೋ! ಭಾಷಾ ಅಲ್ಲೋ ಅದು, ಎಡಿ ಅನ್ನಾಕತ್ತಾಳ! ಎಡಿ ತರ್ರೋ ಯಾರರೆ!”

ಸವಣೂರಿನ ಹೆಂಗಸೊಬ್ಬಳು ಆಯಿಯ ತೋಳು ಹಿಡಿದು ಹಿಂದೆ ಎಳೆದಳು. ಶಿಗ್ಗಾಂವಿಯ ಹಿರಿಯರು ಕಣ್ಣು ತೆರೆಯದೆಯೇ, “ಮಾಸ್ತರ, ನಿಮ್ಮ ತಾಯಾರಿಗೆ ಇನ್ನೂ ಎಡಿ ಮರತಿಲ್ಲಲ್ರಿ” ಎಂದರು. ಆ ಪರಮ ಗಳಿಗೆಯಲ್ಲೂ ಒಂದಿಬ್ಬರು ನಕ್ಕರು. ನಾನು ಅಡುಗೆಮನೆಯಿಂದ ಬೆಲ್ಲದ ಡಬ್ಬಿಯನ್ನು ತಂದೆ. ಅಪ್ಪ ಅದನ್ನು ಕಸಿದು ಆಚೆ ಇಟ್ಟ. ಅತ್ತಿ ಒಂದು ಬದಿಗೆ ವಾಲಿದಳು, ಮೈ ಸೆಟೆದು ಅದುರಿತು, ಆಮೇಲೆ ನಿಂತಿತು. ಆತ್ಮದ ಹೊಡೆತಕ್ಕೆ ಬಿದ್ದಳು ಎಂದು ಅವಳ ಮೇಲೆ ಬಿಳಿಯ ಬಟ್ಟೆ ಹೊದಿಸಿದರು. ತಡಸದವರೊಬ್ಬರು ಅವಳ ಜಾಗದಲ್ಲಿ ಮೊಣಕಾಲೂರಿ ಪ್ರಾರ್ಥನೆ ಎತ್ತಿಕೊಂಡರು. ಬದಲಿ ಸಿಕ್ಕಿತ್ತು. ಉಳಿದವರು ಊಟಕ್ಕೆ ಕುಳಿತರು.

ಗಿರಣಿಯ ಭೋಂಗಾ ಊದಿತು. ಆಯಿ ಹೋಗಿ ವಕೀಲರ ಮನೆಯ ಬಾಗಿಲು ಬಡಿದಿದ್ದಳು. ವಕೀಲರು ಊಟದ ಮಡಿಯಲ್ಲೇ ಬಂದವರು, ಬಾಗಿಲ ಬೆಂಚಿನಿಂದ ಇಬ್ಬರನ್ನು ಎಬ್ಬಿಸಿ, ಆ ಬಾಗಿಲ ಮೇಲೆಯೇ ಅತ್ತಿಯನ್ನು ಮಲಗಿಸಿಕೊಂಡು ದವಾಖಾನೆಗೆ ಹೊತ್ತೊಯ್ಯಿಸಿದರು. ಅಲ್ಲಿಂದ ಹುಬ್ಬಳ್ಳಿಗೆ. ಸಕ್ಕರೆ ಇಳಿದು ಬಹಳ ಹೊತ್ತಾಗಿ ಮಿದುಳಿಗೆ ಪೆಟ್ಟು ಬಿದ್ದಿತ್ತು. ಡಾಕ್ಟರು ಅಪ್ಪನನ್ನು ಕೇಳಿದ್ದು ಒಂದೇ ಪ್ರಶ್ನೆ:

“ಇಷ್ಟ ಮಂದಿ ಇದ್ರಂತ ಮನ್ಯಾಗ. ಯಾರೂ ನೋಡಲಿಲ್ಲೇನ್ರಿ?”

ಅತ್ತಿ ಸಾಯಲಿಲ್ಲ. ತಿಂಗಳ ಮೇಲೆ ಮನೆಗೆ ಬಂದಳು. ನಡೆಯುತ್ತಿದ್ದಳು, ಕೈಗಿಟ್ಟರೆ ಉಣ್ಣುತ್ತಿದ್ದಳು. ಮಾತು ಮಾತ್ರ ಹೋಗಿತ್ತು. ಎಚ್ಚರವಿದ್ದಷ್ಟು ಹೊತ್ತು ತುಟಿಗಳಿಂದ ಒಂದು ಗೊಣಗು ಹೊರಡುತ್ತಿತ್ತು, ಅರ್ಥವಿಲ್ಲದ್ದು, ನಿಲ್ಲದ್ದು. ನನ್ನನ್ನು ನಗಿಸಿದ ಹೆಂಗಸು ಅದರೊಳಗೆ ಎಲ್ಲೂ ಇರಲಿಲ್ಲ. ಇಲ್ಲಿಗೆ ಮುಗಿಯಿತು ಎಂದು ನೀವು ಭಾವಿಸಿದರೆ ನಮ್ಮ ಮನೆಯನ್ನು ನೀವು ಅರಿತಿಲ್ಲ. ಅಪ್ಪ ಎರಡು ದಿನ ಆ ಗೊಣಗನ್ನು ಆಲಿಸಿದ. ಮೂರನೆಯ ದಿನ ಅವಳನ್ನು ಕೈಹಿಡಿದು ಕರೆದೊಯ್ದು ನಡುಕೋಣೆಯ ಚಾಪೆಯ ಮೇಲೆ ಕೂರಿಸಿದ. ಆತ್ಮವು ಒಮ್ಮೆ ಕೊಟ್ಟ ಭಾಷೆಯನ್ನು ಹಿಂತೆಗೆದುಕೊಂಡಿಲ್ಲ ಎಂದ. ಈಗ ಅವಳಿಗೆ ಹೊಸ್ತಿಲಲ್ಲಿ ತಾಟು ಬರುತ್ತಿತ್ತು. ಅಪ್ಪನೇ ತಂದಿಡುತ್ತಿದ್ದ, ಅದಕ್ಕೆ ಅವನು ಎಡಿ ಎನ್ನದೆ ‘ಆಹಾರ’ ಎನ್ನುತ್ತಿದ್ದ. ದೂರದ ಊರುಗಳಿಂದ ಜನ ಬಂದು ಚೌಕಟ್ಟಿನಲ್ಲಿ ನಿಂತು ಕೈಮುಗಿದರು. ನಮ್ಮ ಪಾಳಿಗಳು ತೀರ ಹಗುರವಾದವು. ಅವಳು ಎಚ್ಚರವಿದ್ದಾಗ ಬೇರೆ ಯಾರ ದನಿಯೂ ಬೇಕಾಗಿರಲಿಲ್ಲ. ಅವ್ವನ ಹೊರತು ಯಾರೂ ಅಳಲಿಲ್ಲ. ಅವ್ವ ರೊಟ್ಟಿ ಬಡಿಯುತ್ತ ಗೋಡೆಯಾಚೆಗೆ ಏನಾದರೂ ಅಂದು, ಉತ್ತರಕ್ಕೆ ಕಾದು, ಬಾರದಿದ್ದಾಗ ಅಳುತ್ತಿದ್ದಳು. ಆಯಿ ಮರುವರ್ಷ ಹಾಸಿಗೆ ಹಿಡಿದಳು. ಕೊನೆಯ ದಿನಗಳಲ್ಲಿ ಯಾರು ಹತ್ತಿರ ಹೋದರೂ ಮಾಸ್ತರ ಬಂದರೆಂದು ತಿಳಿದು, ಕೇಳುವ ಮೊದಲೇ ಒಪ್ಪಿಸುತ್ತಿದ್ದಳು: “ಎಡೆ ಅಂದ್ರ ನಡುವಿನ ಜಾಗಾ.” ತಪ್ಪಿಲ್ಲದೆ ಒಪ್ಪಿಸುತ್ತಿದ್ದಳು. ತನ್ನ ಜೀವನದ ಒಂದೇ ಸರಿಯಾದ ಓದನ್ನು ತಪ್ಪೆಂದು ನಂಬಿಕೊಂಡು ಹೋದಳು.

ನಾನು ಧಾರವಾಡಕ್ಕೆ ಓದಲು ಹೋದೆ. ಅಲ್ಲಿ ಚರ್ಚಾಸ್ಪರ್ಧೆಗಳಲ್ಲಿ ನನ್ನನ್ನು ಸೋಲಿಸುವವರು ಸಿಗಲಿಲ್ಲ. ಎದುರಾಳಿ ಬಾಯಿ ತೆರೆಯುವಷ್ಟು ಜಾಗವನ್ನೂ ನಾನು ಬಿಡುತ್ತಿರಲಿಲ್ಲ. ತೀರ್ಪುಗಾರರೊಬ್ಬರು, “ಈ ಹುಡುಗಿ ಉಸಿರು ಯಾವಾಗ ತಗೋತಾಳೋ ಗೊತ್ತಾಗಲಿಲ್ಲ” ಎಂದು ಬಹುಮಾನ ಕೊಟ್ಟರು. ಆ ವಿದ್ಯೆ ಎಲ್ಲಿಯದೆಂದು ನನಗೆ ಗೊತ್ತಿತ್ತು. ಒಂದು ದಿನ ಗ್ರಂಥಾಲಯದಲ್ಲಿ, ಅಪ್ಪ ಊಟದ ಹೊತ್ತಿನಲ್ಲಿ ಹೇಳಿದ ಚರಿತ್ರೆಯನ್ನು ಹುಡುಕಿದೆ. ಅವನು ಸುಳ್ಳು ಹೇಳಿರಲಿಲ್ಲ, ಅರ್ಧ ಬಿಟ್ಟು ಹೇಳಿದ್ದ. ನಿದ್ದೆಯಿಲ್ಲದ್ದು ಮಠಕ್ಕೆ, ಸನ್ಯಾಸಿಗಲ್ಲ: ಅವರು ತಂಡ ತಂಡವಾಗಿ ಸರದಿಯಲ್ಲಿ ಹಾಡಿ, ಉಳಿದ ಹೊತ್ತು ಮಲಗುತ್ತಿದ್ದರು. ಜರ್ಮನಿಯ ಹಳ್ಳಿಯಲ್ಲಿ ಒಬ್ಬೊಬ್ಬರ ಪಾಲಿಗೆ ಬಂದದ್ದು ಒಂದೊಂದು ತಾಸು. ಇನ್ನು ಆ ಕಣಿವೆಯ ರಾಜ. ಎರಡನೆಯ ಹೆಂಡತಿಯ ದೂರನ್ನು ನಂಬಿ ಅವನು ತನ್ನ ಮೊದಲ ಹೆಂಡತಿಯ ಮಗನನ್ನು, ಮಧ್ಯಾಹ್ನ ಮಲಗಿದ್ದಾಗ, ಕೊರಳಿಗೆ ಬಟ್ಟೆ ಬಿಗಿಸಿ ಕೊಲ್ಲಿಸಿದ್ದ. ಆಮೇಲೆ ಆ ಮಠಕ್ಕೆ ಹೋಗಿ ಅತ್ತು, ಅಲ್ಲಿ ಕೊನೆಯಿಲ್ಲದ ಕೀರ್ತನೆಯನ್ನು ಏರ್ಪಡಿಸಿದನೆಂದು ಚರಿತ್ರೆ ಬರೆದವರು ಹೇಳುತ್ತಾರೆ. ಮಲಗಿದ್ದ ಮಗನನ್ನು ಕೊಂದವನು ಉಳಿದವರ ನಿದ್ದೆಯನ್ನು ದೇವರಿಗೆ ಕೊಟ್ಟ.

ರಜೆಗೆ ಊರಿಗೆ ಬಂದವಳು ಚೀಲ ಇಳಿಸುವ ಮೊದಲೇ ಇದನ್ನೆಲ್ಲ ಅಪ್ಪನ ಮುಂದಿಟ್ಟೆ. ಪಕ್ಷ, ಪ್ರತಿಪಕ್ಷ, ಆಧಾರ, ಉಪಸಂಹಾರ. ಅವನು ಬಾಗಿಲ ಬೆಂಚಿನ ಮೇಲೆ ಕುಳಿತು ಪೂರ್ತಿ ಕೇಳಿದ.

“ಮುಗೀತೇನು?” ಎಂದ. “ರಾಜಂದು ಪಾಪ ರಾಜಂಗ. ಸ್ತೋತ್ರ ದೇವರಿಗೆ. ನನಗ ಮೊದಲs ಗೊತ್ತಿತ್ತು ಅದು.”

“ಗೊತ್ತಿದ್ದೂ ಯಾಕ ಹೇಳಲಿಲ್ಲ?”

“ಉಣ್ಣೂ ಹೊತ್ತಿನ್ಯಾಗ ಹೇಳೂ ಮಾತಲ್ಲ.”

ನನ್ನ ಬಳಿ ಇನ್ನೂ ವಾದಗಳಿದ್ದವು. ಆದರೂ ಜೀವನದಲ್ಲಿ ಮೊದಲ ಸಲ ನಾನು ಮಾತು ನಿಲ್ಲಿಸಿದೆ. ಅಡುಗೆಮನೆಗೆ ಹೋಗಿ ಆಯಿಯ ಹಿತ್ತಾಳೆ ತಾಟು ಹುಡುಕಿದೆ. ಅವ್ವ ಎರಡು ರೊಟ್ಟಿ ಹಾಕಿದಳು, ಪುಂಡಿಪಲ್ಯ ಹಾಕಿದಳು. ಸ್ವಲ್ಪ ತಡೆದು, ಇನ್ನೂ ಒಂದು ರೊಟ್ಟಿ ಹಾಕಿದಳು. ನಡುಕೋಣೆಗೆ ಹೋಗಿ ಅತ್ತಿಯ ಕಂಕುಳಿಗೆ ಕೈಹಾಕಿ ಎಬ್ಬಿಸಿ, ಗೊಣಗುತ್ತಿದ್ದವಳನ್ನು ಹಾಗೆಯೇ ನಡೆಸಿಕೊಂಡು ಹಿತ್ತಲ ಬಿಸಿಲಿಗೆ ತಂದು ತಾಟಿನ ಮುಂದೆ ಕೂರಿಸಿದೆ. ಅಪ್ಪ ಚೌಕಟ್ಟಿನಲ್ಲಿ ನಿಂತಿದ್ದ.

“ಪಾಳಿ ಯಾರು ತಗೋತಾರ?”

“ಯಾರೂ ಇಲ್ಲ.”

ಅವನು ನನ್ನನ್ನು ಬೈಯಲಿಲ್ಲ. ಓಡಿಹೋಗಿ ತಾನೇ ಮೊಣಕಾಲೂರಿದ. ಅವನ ಗ್ರಂಥದ ಕನ್ನಡ ಮನೆ ತುಂಬಿತು. ಗಿರಣಿಯ ಭೋಂಗಾ ಊದುವ ಹೊತ್ತಿಗೆ ದನಿ ಇಳಿದಿತ್ತು. ಅವ್ವ ಒಲೆ ಆರಿಸುವ ಹೊತ್ತಿಗೆ ಗೊರಕೆಯಾಗಿತ್ತು. ನಾವು ಹಣಿಕಿ ನೋಡಿದೆವು: ನೀಲಿ ಅಕ್ಷರಗಳ ಕೆಳಗೆ, ಅತ್ತಿಯ ಚಾಪೆಯ ಮೇಲೆ, ಬಾಯಿ ತೆರೆದುಕೊಂಡು ಮಲಗಿದ್ದ. ಅವನನ್ನು ಯಾರೂ ಎಬ್ಬಿಸಲಿಲ್ಲ. ಅಷ್ಟು ವರ್ಷ ನಿಲ್ಲದಿದ್ದದ್ದು ನಿಂತಿತ್ತು. ಆಕಾಶ ಬೀಳಲಿಲ್ಲ. ವಕೀಲರ ಮನೆಯ ಕುಕ್ಕರ್ ಸೀಟಿ ಹೊಡೆಯಿತು. ಹಿತ್ತಲಲ್ಲಿ ಅತ್ತಿ ರೊಟ್ಟಿ ಮುರಿಯುತ್ತಿದ್ದಳು. ತಾಟು ಮುಗಿಯುವ ತನಕ ಅವಳ ಗೊಣಗು ಕೇಳಲಿಲ್ಲ.

ಎಚ್ಚೆತ್ತ ಅಪ್ಪ ಮತ್ತೆ ಆರಂಭಿಸಲಿಲ್ಲ. ಒಮ್ಮೆ ತುಂಡಾದ ಮೇಲೆ ಅದು ಬರಿಯ ಪ್ರಾರ್ಥನೆ, ಅದರಲ್ಲಿ ಅವನಿಗೆ ಆಸಕ್ತಿಯಿರಲಿಲ್ಲ. ದೀಪ ಆರಿಸಿದವಳು ನನ್ನ ಮಗಳು ಎಂದು ಸಭೆ ಸಭೆಗೆ ಹೋಗಿ ಹೇಳಿದ. ನಾಲ್ಕು ತಾಲೂಕಿನ ಹಿರಿಯರು ನನ್ನನ್ನು ಇಂದಿಗೂ ಹಾಗೆಯೇ ಗುರುತಿಸುತ್ತಾರೆ. ಅದು ಸರಿಯಾದ ಗುರುತು. ನಾನು ಪ್ರಾರ್ಥನೆಯ ವಿರೋಧಿಯಲ್ಲ. ದಿನಾ ಪ್ರಾರ್ಥಿಸುತ್ತೇನೆ, ಮುಗಿಸುತ್ತೇನೆ, ಉಣ್ಣುತ್ತೇನೆ. ಈಗ ಹಗಲಿರುಳಿನ ಪಾಳಿಗಳು ಫೋನಿನಲ್ಲಿ ಹಂಚಿಕೆಯಾಗುತ್ತವೆ. ಶಿಗ್ಗಾಂವಿಗೆ, ಸವಣೂರಿಗೆ, ಹಿರೇಕೆರೂರಿಗೆ ಹೋದಾಗಲೆಲ್ಲ ನಾನು ಅದನ್ನು ತೋರಿಸಲು ಕೇಳುತ್ತೇನೆ. ಉಳಿದವರು ಬೇಡವೆಂದ ಗಂಟೆಗಳಲ್ಲಿ ಈಗಲೂ ವಿಧವೆಯರ ಹೆಸರು, ಅಣ್ಣನ ಮನೆಯಲ್ಲಿ ಉಣ್ಣುವವರ ಹೆಸರು.

ಆದ್ದರಿಂದ ನಿಮ್ಮಲ್ಲಿ ಒಂದು ವಿನಂತಿ. ಇದನ್ನು ಓದಿ ಮುಗಿಸಿದ ಮೇಲೆ ನಿಮ್ಮ ಸಭೆಯಲ್ಲೋ ಮನೆಯಲ್ಲೋ ಈಗ ಪ್ರಾರ್ಥನೆಗೆ ಕುಳಿತಿರುವವಳ ಬಳಿಗೆ ಹೋಗಿ. ಉಂಡಿದ್ದಾಳೆಯೇ ಎಂದು ಕೇಳಿ. ಅವಳು ಹೇಳುವುದಕ್ಕೆ ಆಮೆನ್ ಎನ್ನಬೇಡಿ. ಉಂಡಿಲ್ಲವಾದರೆ ಎಬ್ಬಿಸಿ, ತಾಟು ಬಡಿಸಿ, ಅವಳ ಮುಂದೆ ಇಡಿ. ಅವಳ ಜಾಗದಲ್ಲಿ ಕೂರಲು ಯಾರೂ ಇಲ್ಲದಿದ್ದರೆ, ಆ ಜಾಗ ಖಾಲಿ ಇರಲಿ.